ಗೆರೆ ಎಲ್ಲಿಗೆ ಮುಗಿಯುತ್ತದೆ? ಟಿ. ವಿ. ರಾಮನ್ ಅವರ ಸಂಶೋಧನೆಯನ್ನು ಓದುತ್ತಾ



ಈ ದತ್ತಿ ಉಪನ್ಯಾಸಕ್ಕೆ ಆಹ್ವಾನಿಸಿದಾಗ ವಿಷಯದ ಆಯ್ಕೆಯನ್ನು ನೀವು ನನಗೇ ಬಿಟ್ಟಿರಿ. ಹೆಚ್ಚು ಯೋಚಿಸಬೇಕಾಗಲಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಆ ಮೂವತ್ತು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ ಒಂದು ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಆತ ಹುಟ್ಟಿನಿಂದ ಕಣ್ಣಿಲ್ಲದ ಹುಡುಗ. ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಹಟ ಹಿಡಿದು ತೆಗೆದುಕೊಂಡಿದ್ದ. ಸಂಜೆ ಎಲ್ಲರೂ ಹೋದಮೇಲೆ ಸ್ಟಾಫ್ ರೂಮಿನಲ್ಲಿ ಕುಳಿತು, ಟೇಪ್ ರೆಕಾರ್ಡರ್ ಮುಂದಿಟ್ಟುಕೊಂಡು, ಮರುದಿನದ ಪಾಠವನ್ನು ಓದಿ ಕ್ಯಾಸೆಟ್ ಮಾಡಿ ಕೊಡುತ್ತಿದ್ದೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಪಾಠ ಬಂತು. ಸೂತ್ರವನ್ನು ಎಂದಿನಂತೆ ಓದಿದೆ: ರೂಟ್ ಆಫ್ ಸಿಗ್ಮಾ ಎಕ್ಸ್ ಮೈನಸ್ ಎಕ್ಸ್ ಬಾರ್ ಸ್ಕ್ವೇರ್ ಬೈ ಎನ್. ಮರುದಿನ ಹುಡುಗ ಬಂದು ನಿಂತ. “ಸಾರ್, ಸ್ಕ್ವೇರ್ ಯಾವುದಕ್ಕೆ? ಬರೀ ಎಕ್ಸ್ ಬಾರ್‌ಗೋ, ಕಳೆದ ಮೇಲೆ ಬಂದದ್ದಕ್ಕೋ? ರೂಟಿನ ಗೆರೆ ಎಲ್ಲಿಗೆ ಮುಗಿಯುತ್ತೆ? ಎನ್ ಅದರ ಒಳಗಿದೆಯೋ ಹೊರಗಿದೆಯೋ?”

ಹಾಳೆಯ ಮೇಲೆ ಆವರಣ ಚಿಹ್ನೆ ಇತ್ತು, ಮೇಲಕ್ಕೆ ಏರಿದ ಪುಟ್ಟ ಎರಡು ಇತ್ತು, ಎಲ್ಲವನ್ನೂ ಸೂರಿನಂತೆ ಮುಚ್ಚಿದ ವರ್ಗಮೂಲದ ಗೆರೆ ಇತ್ತು. ಕಣ್ಣಿದ್ದವರು ಒಂದೇ ನೋಟಕ್ಕೆ ಹಿಡಿಯುವ ಈ ಜೋಡಣೆಯಲ್ಲಿ ಯಾವುದೂ ನನ್ನ ಕ್ಯಾಸೆಟ್ಟಿಗೆ ಇಳಿದಿರಲಿಲ್ಲ. ಅಕ್ಷರಗಳನ್ನೆಲ್ಲ ಓದಿದ್ದೆ, ಸೂತ್ರವನ್ನು ಓದಿರಲಿಲ್ಲ. ಇದೇ ಪ್ರಶ್ನೆಯನ್ನು ಹಿಡಿದು ಒಬ್ಬರು ಡಾಕ್ಟರೇಟ್ ಪ್ರಬಂಧವನ್ನೇ ಬರೆದಿದ್ದಾರೆಂದು ನನಗೆ ತಿಳಿಯುವ ಹೊತ್ತಿಗೆ ಆ ಹುಡುಗ ಕಾಲೇಜು ಬಿಟ್ಟು ಬಹಳ ವರ್ಷಗಳಾಗಿದ್ದವು. ಬರೆದವರು ಟಿ. ವಿ. ರಾಮನ್. ಇಂದು ಅವರ ಪ್ರಕಟಿತ ಕೆಲಸದ ಬಗ್ಗೆ, ಅದು ನಮ್ಮ ಕನ್ನಡಕ್ಕೆ ಕೇಳುತ್ತಿರುವ ಪ್ರಶ್ನೆಯ ಬಗ್ಗೆ ಮಾತಾಡುತ್ತೇನೆ.

ರಾಮನ್ ಹುಟ್ಟಿದ್ದು 1965ರಲ್ಲಿ, ಬೆಳೆದದ್ದು ಪುಣೆಯಲ್ಲಿ. ಗ್ಲಾಕೋಮಾದಿಂದಾಗಿ ಹುಟ್ಟಿನಿಂದಲೇ ದೃಷ್ಟಿ ಕುಂದಿತ್ತು. ಉಳಿದಿದ್ದ ಅಷ್ಟಿಷ್ಟು ಬೆಳಕೂ 14ನೇ ವಯಸ್ಸಿಗೆ ಆರಿತು. ಮನೆಯವರು ಪಠ್ಯಪುಸ್ತಕಗಳನ್ನು ಓದಿ ಹೇಳಿದರು. ಪುಣೆಯಲ್ಲಿ ಗಣಿತದ ಪದವಿ ಮುಗಿಸಿ ಬಾಂಬೆ ಐಐಟಿ ಸೇರಿದಾಗ ಅಲ್ಲಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಓದುವ ಧ್ವನಿಯಾದರು. ಅಲ್ಲಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡೇವಿಡ್ ಗ್ರೀಸ್ ಅವರ ಮಾರ್ಗದರ್ಶನದಲ್ಲಿ 1994ರಲ್ಲಿ ಪ್ರಬಂಧ ಸಲ್ಲಿಸಿದರು. ತಾಂತ್ರಿಕ ಬರಹಗಳನ್ನು ಧ್ವನಿಯಲ್ಲಿ ಕೇಳಿಸುವ ಆ ವ್ಯವಸ್ಥೆಗೆ ಅವರು ಇಟ್ಟ ಹೆಸರು ಆಸ್ಟರ್. ಅದು ಅವರ ಜೊತೆಗೆ ದಾರಿ ತೋರಿಸುತ್ತಾ ನಡೆದ ನಾಯಿಯ ಹೆಸರೂ ಹೌದು. ಆ ವರ್ಷದ ಅತ್ಯುತ್ತಮ ಪ್ರಬಂಧವೆಂದು ಕಂಪ್ಯೂಟರ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವಾದ ಎಸಿಎಂ ಅದಕ್ಕೆ ಪ್ರಶಸ್ತಿ ಕೊಟ್ಟಿತು.

ಪ್ರಬಂಧ ಹೊರಡುವ ಜಾಗವೇ ನನ್ನನ್ನು ಹಿಡಿದು ನಿಲ್ಲಿಸಿತು. ಮುದ್ರಿತ ಹಾಳೆ ಸುಮ್ಮನೆ ಬಿದ್ದಿರುತ್ತದೆ. ಓದುವವನ ಕಣ್ಣು ಅದರ ಮೇಲೆ ಬೇಕಾದಲ್ಲಿ ಓಡಾಡುತ್ತದೆ, ಬೇಡದ್ದನ್ನು ದಾಟುತ್ತದೆ, ಅರ್ಥವಾಗದ ಕಡೆಗೆ ಹಿಂದಿರುಗುತ್ತದೆ. ಧ್ವನಿಯಲ್ಲಿ ಇದು ತಲೆಕೆಳಗು. ಓಡುವುದು ಮಾತು, ಸುಮ್ಮನೆ ಕೂರುವವನು ಕೇಳುಗ. ಮೂರು ಸಾಲಿನ ಸಮೀಕರಣವನ್ನು ಕ್ಯಾಸೆಟ್ಟಿನಿಂದ ಕೇಳುವವನಿಗೆ ಕೊನೆಯ ಪದ ಬರುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಹಿಂದಕ್ಕೆ ಹೋಗಬೇಕೆಂದರೆ ಟೇಪನ್ನು ತಿರುಗಿಸಬೇಕು, ಎಷ್ಟು ತಿರುಗಿಸಬೇಕೆಂದು ಗೊತ್ತಿಲ್ಲ. ಕೇಳುಗನ ಕೈಗೆ ಕಣ್ಣಿನ ಸ್ವಾತಂತ್ರ್ಯ ಬರಬೇಕು ಎಂಬುದು ರಾಮನ್ ಹಾಕಿಕೊಂಡ ಗುರಿ.

ಅದಕ್ಕೆ ಅವರು ಹಾಳೆಯ ಹಿಂದಕ್ಕೆ ಹೋದರು. ಗಣಿತದ ಪುಸ್ತಕಗಳನ್ನು, ಲೇಖನಗಳನ್ನು ಲೇಟೆಕ್ ಎಂಬ ವ್ಯವಸ್ಥೆಯಲ್ಲಿ ಬರೆಯುವ ರೂಢಿ ಆಗಲೇ ಬಲವಾಗಿತ್ತು. ಲೇಟೆಕ್‌ನಲ್ಲಿ ಬರೆಯುವವರು ಚಿತ್ರ ಬಿಡಿಸುವುದಿಲ್ಲ. “ಇದು ಭಿನ್ನರಾಶಿ, ಇದು ಅಂಶ, ಇದು ಛೇದ”, “ವರ್ಗಮೂಲ ಇಲ್ಲಿಂದ ಇಲ್ಲಿಯವರೆಗೆ” ಎಂದು ಹೇಳಿರುತ್ತಾರೆ. ಅಚ್ಚಾದ ಹಾಳೆಯಲ್ಲಿ ಈ ಹೇಳಿಕೆ ಮಾಯವಾಗಿ ಆಕಾರ ಮಾತ್ರ ಉಳಿಯುತ್ತದೆ. ಆಸ್ಟರ್ ಮೂಲ ಕಡತವನ್ನೇ ಓದಿ ಇಡೀ ಬರಹದ ಒಂದು ಮರವನ್ನು ಕಟ್ಟುತ್ತದೆ: ಅಧ್ಯಾಯದ ಕೆಳಗೆ ಪ್ರಕರಣ, ಅದರ ಕೆಳಗೆ ವಾಕ್ಯ, ವಾಕ್ಯದೊಳಗೆ ಸೂತ್ರ, ಸೂತ್ರದೊಳಗೆ ಅದರ ಕೊಂಬೆಗಳು. ಆಮೇಲೆ ಆ ಮರವನ್ನು ಧ್ವನಿಗೆ ತಿರುಗಿಸುತ್ತದೆ. ಘಾತಸಂಖ್ಯೆ ಬಂದರೆ ಸ್ವರ ಏರುತ್ತದೆ, ಕೆಳಗೆ ಬರೆಯುವ ಸೂಚ್ಯಂಕ ಬಂದರೆ ಇಳಿಯುತ್ತದೆ. ಸ್ವರದ ಎತ್ತರ, ಮಾತಿನ ವೇಗ, ಧ್ವನಿಯ ಗಾತ್ರ, ನಡುವಿನ ಮೌನ ಇವೆಲ್ಲ ಹಾಳೆಯಲ್ಲಿ ಜಾಗ ಮಾಡುತ್ತಿದ್ದ ಕೆಲಸವನ್ನು ವಹಿಸಿಕೊಳ್ಳುತ್ತವೆ. ನನ್ನ ವಿದ್ಯಾರ್ಥಿ ಕೇಳಿದ ಸೂತ್ರವನ್ನು ಇಂಥ ಧ್ವನಿ ಓದಿದ್ದರೆ, ಆವರಣದೊಳಗಿನದು ಒಂದು ಕಟ್ಟಾಗಿ ಕೇಳಿ, ವರ್ಗದ ಎರಡು ಮೇಲಿನ ಸ್ವರದಲ್ಲಿ ಬಂದು, ವರ್ಗಮೂಲದ ಕೊನೆ ಕಿವಿಗೆ ಸ್ಪಷ್ಟವಾಗುತ್ತಿತ್ತು.

ಇನ್ನೊಂದು ಅಂಶ ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಂಡಿದೆ. ಉದ್ದನೆಯ ಸೂತ್ರದ ಒಳಭಾಗಗಳಿಗೆ ತಾತ್ಕಾಲಿಕ ಹೆಸರು ಕೊಟ್ಟು, ಮೊದಲು ಹಂದರವನ್ನು ಮಾತ್ರ ಕೇಳಬಹುದು: ಯಾವುದೋ ಒಂದನ್ನು ಯಾವುದೋ ಒಂದರಿಂದ ಭಾಗಿಸಿದೆ. ಆಮೇಲೆ ಬೇಕಾದ ಕೊಂಬೆಗೆ ಇಳಿದು ಅಲ್ಲಿರುವುದನ್ನು ಕೇಳಬಹುದು, ಮತ್ತೆ ಮೇಲೇರಬಹುದು. ಕಣ್ಣಿದ್ದ ಗಣಿತಜ್ಞ ದೊಡ್ಡ ಸಮೀಕರಣವನ್ನು ನೋಡುವ ಕ್ರಮವೂ ಇದೇ ತಾನೇ? ಯಾರೂ ಎಡದಿಂದ ಬಲಕ್ಕೆ ಅಕ್ಷರ ಕೂಡಿಸಿ ಓದುವುದಿಲ್ಲ. ಅದೇ ಬರಹವನ್ನು ಒಬ್ಬನಿಗೆ ಒಂದು ಬಗೆ, ಇನ್ನೊಬ್ಬನಿಗೆ ಇನ್ನೊಂದು ಬಗೆ ಕೇಳಿಸುವ ನಿಯಮಗಳನ್ನು ಬರೆಯಲು ಅವರು ಒಂದು ಪುಟ್ಟ ಭಾಷೆಯನ್ನೇ ರೂಪಿಸಿದರು.

ಗಮಕ ಕೇಳಿ ಬೆಳೆದವರಿಗೆ ಇದು ತೀರ ಅಪರಿಚಿತ ಎನಿಸಲಾರದು. ಕುಮಾರವ್ಯಾಸನ ಷಟ್ಪದಿಯನ್ನು ಅಚ್ಚಾದಂತೆ ಸಾಲು ಸಾಲಾಗಿ ಓದಿದರೆ ಪದಗಳು ಒಂದಕ್ಕೊಂದು ಅಂಟಿಕೊಂಡು, ಸಾಲಿನ ಅಂಚಿನಲ್ಲಿ ಮುರಿದು, ಅರ್ಥ ಮುಚ್ಚಿಹೋಗುತ್ತದೆ. ಗಮಕಿ ಪದಚ್ಛೇದ ಮಾಡುತ್ತಾನೆ. ಸಂಬೋಧನೆಗೆ ಒಂದು ಎಳೆತ, ಪ್ರಶ್ನೆಗೆ ಒಂದು ಏರಿಕೆ, ಮಾತು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಲ್ಲಿ ಒಂದು ನಿಲುಗಡೆ ಕೊಟ್ಟು, ಪುಸ್ತಕ ಕೈಯಲ್ಲಿಲ್ಲದ ಕೇಳುಗನಿಗೆ ಪದ್ಯದ ಕಟ್ಟಡವನ್ನು ತೋರಿಸುತ್ತಾನೆ. ಓದು ಬಾರದ ಊರುಗಳು ಮಹಾಭಾರತವನ್ನು ಅರಿತದ್ದು ಹೀಗೆ. ಕಾವ್ಯದಲ್ಲಿ ನಮ್ಮವರು ಶತಮಾನಗಳಿಂದ ಮಾಡಿದ್ದನ್ನು ಗಣಿತದಲ್ಲಿ ಯಂತ್ರದಿಂದ ಮಾಡಿಸಿದವರು ರಾಮನ್.

ಪ್ರಬಂಧ ಮುಗಿದ ಮರುವರ್ಷ, 1995ರಲ್ಲಿ, ಎಮ್ಯಾಕ್‌ಸ್ಪೀಕ್ ಹೊರಬಂತು. ಪ್ರೋಗ್ರಾಮರುಗಳು ಬಳಸುವ ಎಮ್ಯಾಕ್ಸ್ ಎಂಬ ಸಂಪಾದನಾ ತಂತ್ರಾಂಶಕ್ಕೆ ಮಾತು ಕೊಟ್ಟ ಕೆಲಸ ಅದು. ಉಚಿತ, ಮೂಲ ಸಂಕೇತ ಯಾರಿಗೂ ಮುಕ್ತ. ಅದರ ಬಗ್ಗೆ 1996ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ರಾಮನ್ ಕೊಡುವ ಕ್ಯಾಲೆಂಡರಿನ ಉದಾಹರಣೆಯನ್ನು ನಾನು ಎಲ್ಲ ಕಡೆಯೂ ಹೇಳುತ್ತಿರುತ್ತೇನೆ. ಪರದೆಯ ಮೇಲೆ ತಿಂಗಳೊಂದರ ಚೌಕಗಳು. ಅಂಧರು ಬಳಸುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಪರದೆಯಲ್ಲಿ ಬರೆದಿರುವುದನ್ನು ಓದುತ್ತದೆ: ಒಂದು, ಎರಡು, ಮೂರು, ನಾಲ್ಕು. ಹದಿನೇಳು ಎಂದು ಕೇಳಿದವನಿಗೆ ಅದು ಯಾವ ವಾರ ಎಂದು ತಿಳಿಯುವುದಿಲ್ಲ, ಏಕೆಂದರೆ ವಾರದ ಹೆಸರು ಅದೇ ಕಂಬದ ತುದಿಯಲ್ಲಿದೆ. ಕಣ್ಣು ಮೇಲಕ್ಕೆ ಹೋಗಿ ಬರುತ್ತದೆ, ಕಿವಿ ಹೋಗಲಾರದು. ಎಮ್ಯಾಕ್‌ಸ್ಪೀಕ್ ಪರದೆಯನ್ನು ನೋಡುವುದೇ ಇಲ್ಲ. ಕ್ಯಾಲೆಂಡರ್ ಪ್ರೋಗ್ರಾಮನ್ನು ಒಳಗಿನಿಂದ ಕೇಳಿ, ವಾರ, ತಿಂಗಳು, ತಾರೀಖು, ವರ್ಷ ಎಲ್ಲವನ್ನೂ ಕೂಡಿಸಿ ಒಂದು ಮಾತಾಗಿ ಹೇಳುತ್ತದೆ. ಮೂಲ ಪ್ರೋಗ್ರಾಮಿನ ಒಂದು ಸಾಲನ್ನೂ ತಿದ್ದದೆ, ಅದರ ಪ್ರತಿ ಕೆಲಸಕ್ಕೂ “ಮುಗಿದ ಕೂಡಲೇ ಇದನ್ನು ಹೇಳು” ಎಂಬ ಸೂಚನೆಯನ್ನು ಹೊರಗಿನಿಂದ ಕಟ್ಟುವ ಲಿಸ್ಪ್ ಭಾಷೆಯ ಸೌಲಭ್ಯವನ್ನು ಅವರು ಇದಕ್ಕೆ ಬಳಸಿಕೊಂಡರು.

1997ರಲ್ಲಿ ಬಂದ ಅವರ ಪುಸ್ತಕ ಈ ಅನುಭವವನ್ನು ಒಂದು ಸಿದ್ಧಾಂತವಾಗಿ ಬೆಳೆಸುತ್ತದೆ. ಮನುಷ್ಯ ಮತ್ತು ಕಂಪ್ಯೂಟರಿನ ಒಡನಾಟ ಒಂದು ಸಂಭಾಷಣೆ. ಹೌದೋ ಅಲ್ಲವೋ ಎಂದು ಕೇಳುವುದು, ಹಲವುಗಳಲ್ಲಿ ಒಂದನ್ನು ಆರಿಸಿ ಎನ್ನುವುದು, ಹೆಸರು ಹೇಳಿ ಎನ್ನುವುದು: ಸಂಭಾಷಣೆಯ ಹೆಜ್ಜೆಗಳು ಇಂಥ ಕೆಲವೇ. ಬಟನ್ನು, ಪಟ್ಟಿ, ಚೌಕ ಇವೆಲ್ಲ ಆ ಹೆಜ್ಜೆಗಳು ಕಣ್ಣಿಗಾಗಿ ತೊಟ್ಟ ಉಡುಗೆ. ಹೋಟೆಲಿನಲ್ಲಿ ಕುಳಿತವನಿಗೆ ಮಾಣಿ “ಗೋಡೆಯ ಬೋರ್ಡಿನಲ್ಲಿ ಎಡಗಡೆ ಮೂರನೇ ಸಾಲು” ಎಂದು ಹೇಳುತ್ತಾನೆಯೇ? “ಇಡ್ಲಿ ಇದೆ, ವಡೆ ಇದೆ, ದೋಸೆ ಹತ್ತು ನಿಮಿಷ” ಎನ್ನುತ್ತಾನೆ. ಬೋರ್ಡು ಮತ್ತು ಮಾಣಿ ಒಂದೇ ತಿಳಿವಳಿಕೆಯನ್ನು ಎರಡು ದಾರಿಗಳಲ್ಲಿ ತಲುಪಿಸುತ್ತಾರೆ, ಒಂದು ಇನ್ನೊಂದರ ನಕಲಲ್ಲ. ಕಿವಿಗೆ ಕೊಡುವ ಕಂಪ್ಯೂಟರ್ ಕಣ್ಣಿನ ಕಂಪ್ಯೂಟರಿನ ವರದಿಗಾರನಾಗಬಾರದು, ತಾನೇ ಮಾತಾಡಬೇಕು ಎಂಬುದು ರಾಮನ್ ಅವರ ನಿಲುವು. ಜಾಲಪುಟಗಳನ್ನು ಧ್ವನಿಯಲ್ಲಿ ಹೇಗೆ ಕೇಳಿಸಬೇಕೆಂದು ಬರೆಯುವ ಶೈಲಿ ನಿಯಮಗಳನ್ನೂ ಅವರು ರೂಪಿಸಿದರು; ಜಾಲಪುಟಗಳ ಶೈಲಿಯನ್ನು ನಿಗದಿಪಡಿಸುವ ಸಿಎಸ್‌ಎಸ್ ಮಾನದಂಡದ 1998ರ ಎರಡನೇ ಆವೃತ್ತಿಯಲ್ಲಿ ಅವಕ್ಕೆ ಜಾಗ ಸಿಕ್ಕಿತು.

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯವನ್ನು ಹೇಳಿಬಿಡಬೇಕು. ಎಮ್ಯಾಕ್ಸ್ ಕಲಿಯುವುದು ಪ್ರೋಗ್ರಾಮರಿಗೇ ಸುಲಭವಲ್ಲ. ಬ್ಯಾಂಕಿನಲ್ಲಿ, ಶಾಲೆಯಲ್ಲಿ ಕೆಲಸ ಮಾಡುವ ಅಂಧರಿಗೆ ಎಲ್ಲರೂ ಬಳಸುವ ತಂತ್ರಾಂಶಗಳೇ ಬೇಕು. ಅವು ಮಾತಾಡಲು ತಾವಾಗಿ ಕಲಿಯುವವರೆಗೆ ಕಾಯುವಂತಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ಯುವಕರು 2006ರಿಂದ ಕಟ್ಟುತ್ತಾ ಬಂದ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ನಮ್ಮ ದೇಶದಲ್ಲಿ ತೆರೆದಿರುವ ಬಾಗಿಲುಗಳ ಮುಂದೆ ಎಮ್ಯಾಕ್‌ಸ್ಪೀಕ್‌ನ ಹರಹು ಚಿಕ್ಕದು. ಆದರೆ ತತ್ವದಲ್ಲಿ ಗೆದ್ದದ್ದು ರಾಮನ್ ಅವರ ದಾರಿಯೇ. ಇಂದಿನ ಸ್ಕ್ರೀನ್ ರೀಡರುಗಳು ಪರದೆಯ ಚುಕ್ಕಿಗಳನ್ನು ಓದುವುದಿಲ್ಲ. “ನೀನು ಯಾರು, ಬಟನ್ನೋ ಶೀರ್ಷಿಕೆಯೋ, ಒತ್ತಿದ್ದಾರೋ ಇಲ್ಲವೋ” ಎಂದು ಪುಟವನ್ನೇ ಕೇಳುತ್ತವೆ. ಪುಟ ಬರೆದವರು ಅದನ್ನು ಹೇಳಿದ್ದರೆ ಕೆಲಸ ಆಗುತ್ತದೆ, ಹೇಳದಿದ್ದರೆ ಯಾವ ಯಂತ್ರವೂ ಊಹಿಸುತ್ತಾ ತಡವರಿಸಬೇಕಾಗುತ್ತದೆ.

2005ರಲ್ಲಿ ಅವರು ಗೂಗಲ್ ಸೇರಿದರು. ಎರಡೇ ವರ್ಷದಲ್ಲಿ ಗುಂಡಿಗಳಿದ್ದ ಫೋನು ಹೋಗಿ ನುಣುಪು ಗಾಜಿನ ಫೋನು ಬಂತು. ತಡವಿ ತಿಳಿಯಲು ಏನೂ ಇಲ್ಲದ ಗಾಜು ಕಣ್ಣಿಲ್ಲದವರನ್ನು ಹೊರಗಿಡುತ್ತದೆ ಎಂಬ ಭಯ ಎಲ್ಲ ಕಡೆಯೂ ಇತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾನ್ ಕೇನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸ್ಲೈಡ್ ರೂಲ್ ಎಂಬ ಕೆಲಸ, ಬೆರಳು ಸರಿದಂತೆ ಫೋನು ಮಾತಾಡುವ ದಾರಿಯನ್ನು ತೋರಿಸಿತು. ರಾಮನ್ ಮತ್ತು ಚಾರ್ಲ್ಸ್ ಚೆನ್ ಅದೇ ಹೊತ್ತಿನಲ್ಲಿ ಮಾಡಿದ ಡಯಲರ್ ಇನ್ನೂ ಸರಳ. ಗಾಜಿನ ಮೇಲೆ ಐದು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಬೆರಳು ಮೊದಲು ಎಲ್ಲಿ ಊರುತ್ತದೋ ಅಲ್ಲಿಯೇ ಐದು. ಅಲ್ಲಿಂದ ಎಡ ಮೇಲಕ್ಕೆ ಸರಿಸಿದರೆ ಒಂದು, ಬಲ ಕೆಳಕ್ಕೆ ಸರಿಸಿದರೆ ಒಂಬತ್ತು. ತಪ್ಪಾದರೆ ಫೋನನ್ನು ಅಲುಗಿಸಿದರೆ ಕೊನೆಯ ಅಂಕಿ ಅಳಿಯುತ್ತದೆ. ಮನುಷ್ಯ ಗಾಜನ್ನು ಹುಡುಕಿಕೊಂಡು ಹೋಗುವ ಬದಲು ಗಾಜು ಮನುಷ್ಯನ ಬೆರಳಿಗೆ ಬಂದು ಸೇರಿತು. ಇದನ್ನು ಅವರು ಅಂಧರ ಸೌಲಭ್ಯ ಎಂದು ಕರೆಯಲಿಲ್ಲ, ಕಣ್ಣಿನ ಹಂಗಿಲ್ಲದ ಬಳಕೆ ಎಂದರು. ಗಾಡಿ ಓಡಿಸುವವನ ಕಣ್ಣೂ ಆಗ ಫೋನಿಗೆ ಸಿಗುವುದಿಲ್ಲವಲ್ಲ. 2009ರಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಗೂಗಲ್‌ನ ಆಂಡ್ರಾಯ್ಡಿನ ಭಾಗವಾಯಿತು. ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಫೋನಿನೊಳಗೂ ಇವತ್ತು ಅದು ಇದೆ, ಕನ್ನಡ ಮಾತಾಡುವ ಧ್ವನಿಯೂ ಇದೆ.

ಗಣಿತವನ್ನೂ ಅವರು ಬಿಡಲಿಲ್ಲ. ಕ್ರೋಮ್ ಬ್ರೌಸರಿನ ಸ್ಕ್ರೀನ್ ರೀಡರಿಗೆ ಗಣಿತ ಕಲಿಸಿದ ಕೆಲಸವನ್ನು ವೋಲ್ಕರ್ ಸೋರ್ಗೆ ಮತ್ತಿತರರೊಂದಿಗೆ 2014ರಲ್ಲಿ ಪ್ರಕಟಿಸಿದರು. ಇಪ್ಪತ್ತು ವರ್ಷದ ಹಿಂದೆ ಆಸ್ಟರ್ ಮಾಡಿದ್ದು ಆಗ ಕ್ರೋಮ್ ಬಳಸುವ ಯಾರಿಗಾದರೂ ಸಿಗುವಂತಾಯಿತು.

ಈಗ ನಮ್ಮ ಮನೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನದೊಂದು ಪುಸ್ತಕ ಅಚ್ಚಾಯಿತು. ಅದೇ ವಿದ್ಯಾರ್ಥಿ, ಈಗ ಉದ್ಯೋಗಸ್ಥ, ಫೋನ್ ಮಾಡಿ, “ಸಾರ್, ಪುಸ್ತಕದ ಫೈಲ್ ಕಳಿಸಿ, ಫೋನಿನಲ್ಲಿ ಕೇಳುತ್ತೇನೆ” ಎಂದ. ಅಕ್ಷರ ಜೋಡಿಸಿದವರಿಂದ ಫೈಲ್ ತರಿಸಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು: “ಒಂದಕ್ಷರವೂ ಅರ್ಥವಾಗುತ್ತಿಲ್ಲ ಸಾರ್.” ಪುಸ್ತಕವನ್ನು ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಜೋಡಿಸಿದ್ದರು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಆ ವ್ಯವಸ್ಥೆಯಲ್ಲಿ ಕಂಪ್ಯೂಟರಿನೊಳಗೆ ಕನ್ನಡ ಇರುವುದೇ ಇಲ್ಲ. ರೋಮನ್ ಲಿಪಿಯ ಸಂಕೇತಗಳಿಗೆ ಕನ್ನಡ ಅಕ್ಷರದ ಚೂರುಗಳ ಆಕಾರ ತೊಡಿಸಿರುತ್ತಾರೆ. ಹಾಗೆ ಬರೆದ “ಕನ್ನಡ” ಎಂಬ ಪದವನ್ನು ಬಿಡಿಸಿದರೆ ಒಳಗಿರುವುದು ಪಿ, ನೆತ್ತಿಯ ಮೇಲೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಎ, ಜರ್ಮನ್ ಲಿಪಿಯ ಒಂದು ಅಕ್ಷರ, ಕ್ಯೂ, ಮತ್ತೊಂದು ಎ. ನಮ್ಮ ನುಡಿಯ ಹೆಸರಿನಲ್ಲಿ ಒಂದೂ ಕನ್ನಡದ ಅಕ್ಷರವಿಲ್ಲ. ಫೋನು ಇದ್ದದ್ದನ್ನು ಇದ್ದ ಹಾಗೆ ಓದಿತು.

ಕನ್ನಡವನ್ನು ಕಂಪ್ಯೂಟರಿಗೆ ತಂದವರ ದುಡಿಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂದಿನ ಯಂತ್ರಗಳಲ್ಲಿ ಬೇರೆ ದಾರಿಯಿರಲಿಲ್ಲ. ಅವರಿಂದಲೇ ನಮ್ಮ ಅಚ್ಚುಮನೆಗಳು ಹೊಸ ಕಾಲಕ್ಕೆ ದಾಟಿದವು. ಆದರೆ ಆಕಾರ ಉಳಿಸಿ ಅರ್ಥ ಬಿಟ್ಟ ಆ ಪದ್ಧತಿಯನ್ನು ಯೂನಿಕೋಡ್ ಕೈಗೆ ಸಿಕ್ಕಿ ಇಷ್ಟು ಕಾಲವಾದ ಮೇಲೂ ನಾವು ಮುಂದುವರಿಸಿದ್ದೇವೆ. ಸ್ಟಾಫ್ ರೂಮಿನಲ್ಲಿ ಕುಳಿತು ನಾನು ಮಾಡಿದ ತಪ್ಪೇ ಇದು: ನೋಡುವವರಿಗೆ ಸರಿಯಾಗಿದೆ, ಕೇಳುವವರಿಗೆ ಏನೂ ಇಲ್ಲ. ಅಚ್ಚಾದ ಪುಟದಿಂದ ಅಕ್ಷರ ಗುರುತಿಸುವ ತಂತ್ರಾಂಶವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕೆ ರೂಪಿಸಿದೆ. ಹಳೆಯ ಪುಸ್ತಕಗಳಿಗೆ ಅದು ಬೇಕೇ ಬೇಕು. ಕಂಪ್ಯೂಟರಿನಲ್ಲೇ ಹುಟ್ಟಿದ ಪುಸ್ತಕವನ್ನು ಅಚ್ಚು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ, ಮತ್ತೆ ಗುರುತಿಸುವ ಶ್ರಮವನ್ನು ಮಾತ್ರ ನಾವಾಗಿ ತಂದುಕೊಂಡಿದ್ದೇವೆ.

ಕಾನೂನು ನಮ್ಮ ಪರವಾಗಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಅಂಗವಿಕಲರಿಗಾಗಿ ಪುಸ್ತಕವನ್ನು ಅವರಿಗೆ ಎಟುಕುವ ರೂಪಕ್ಕೆ ತರಲು ಅವಕಾಶ ಕೊಟ್ಟಿತು. ಇದನ್ನೇ ದೇಶಗಳ ಗಡಿ ದಾಟಿಸುವ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅಂಗೀಕರಿಸಿದ್ದು ಭಾರತ.

ಕಣ್ಣಿಲ್ಲದವರಿಗೆ ನಮ್ಮ ಸಮಾಜ ಸಂಗೀತವನ್ನು ಪ್ರೀತಿಯಿಂದ ಕೊಟ್ಟಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳನ್ನು, ಪುಟ್ಟರಾಜ ಗವಾಯಿಗಳನ್ನು ನೆನೆಯದ ಕನ್ನಡಿಗರಿಲ್ಲ. ಗಣಿತವನ್ನು ಕೊಡಲು ಮಾತ್ರ ಹಿಂಜರಿದಿದ್ದೇವೆ. ಅಂಧ ಮಕ್ಕಳು ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು ಎಂಬ ರಿಯಾಯಿತಿ ದೇಶದ ಅನೇಕ ಪರೀಕ್ಷಾ ಮಂಡಳಿಗಳಲ್ಲಿದೆ. ಕರುಣೆಯಿಂದ ಕೊಟ್ಟ ಆ ರಿಯಾಯಿತಿ ಎಷ್ಟೋ ಮಕ್ಕಳಿಗೆ ಮುಚ್ಚಿದ ಬಾಗಿಲಾಗಿದೆ. ಅದನ್ನು ತೆರೆಯುವ ಕೆಲಸ ಬೆಂಗಳೂರಿನಲ್ಲಿ ನಡೆದಿದೆ. ಬೆಂಗಳೂರಿನ ಐಐಐಟಿಯಲ್ಲಿ ಓದಿದ, ಹುಟ್ಟಿನಿಂದ ಕಣ್ಣಿಲ್ಲದ ವಿದ್ಯಾ ವೈ. ಅವರು ಜೊತೆಗಾರರೊಂದಿಗೆ ಕಟ್ಟಿದ ವಿಷನ್ ಎಂಪವರ್ ಅಂಧ ಮಕ್ಕಳ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸಲು ಶಿಕ್ಷಕರ ಬೆನ್ನಿಗೆ ನಿಂತಿದೆ. ಇದನ್ನು ಹೇಳುವಾಗ ನನ್ನ ಎದೆ ತುಂಬುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಗಣಿತದ ಅಧ್ಯಾಪಕರೇ, ಒಂದು ಸೂತ್ರವನ್ನು ಕನ್ನಡದಲ್ಲಿ ಬಾಯಲ್ಲಿ ಹೇಗೆ ಹೇಳಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಸ್ವರ ಏರಿಸಬೇಕು ಎಂಬ ನಿಯಮಗಳನ್ನು ಕೂತು ಬರೆಯಿರಿ. ಪಾಠ ಮಾಡುವವರ ನಾಲಿಗೆಯಲ್ಲಿ ಪಳಗಿದ ನಿಯಮಗಳಿದ್ದರೆ ತಂತ್ರಾಂಶ ಬರೆಯುವವರಿಗೆ ಅರ್ಧ ಕೆಲಸ ಮುಗಿದಂತೆ. ಪ್ರಕಾಶಕರೇ, ಪ್ರತಿ ಹೊಸ ಪುಸ್ತಕಕ್ಕೂ ಒಂದು ಯೂನಿಕೋಡ್ ಪ್ರತಿಯನ್ನು ತೆಗೆದಿಡಿ, ಅಧ್ಯಾಯದ ಹೆಸರನ್ನು ಬರೀ ದಪ್ಪಕ್ಷರ ಮಾಡದೆ ಶೀರ್ಷಿಕೆ ಎಂದು ಗುರುತಿಸಿ, ಕೇಳಿದವರಿಗೆ ಕೊಡಿ.

ಈ ಉಪನ್ಯಾಸದ ಯೂನಿಕೋಡ್ ಪಠ್ಯವನ್ನು ಸಂಚಾಲಕರಿಗೆ ಕೊಟ್ಟಿದ್ದೇನೆ. ಉಪನ್ಯಾಸದ ಅಚ್ಚಾದ ಪುಸ್ತಿಕೆಯ ಮೊದಲ ಪ್ರತಿಗಿಂತ ಮುಂಚೆ ಅದು ನನ್ನ ಆ ವಿದ್ಯಾರ್ಥಿಯ ಫೋನಿಗೆ ಹೋಗಿದೆ.